ಹದಿನಾಲ್ಕನೆಯ ಶೀಶೆ

ಬಾಳೆಲೆಯಿಂದ ಕೆಳಗೆ, ಕುಟ್ಟಯ್ಯನವರ ಬೈಲಿನಲ್ಲಿ
ನನ್ನ ಕೆಲಸ ಇಷ್ಟೇ:
ಕೆಸರಿನ ಮೇಲೆ ಡಬ್ಬಿಯೊಂದನ್ನು ಬೋರಲು ಹಾಕುವುದು,
ಹದಿನೈದು ನಿಮಿಷಕ್ಕೊಮ್ಮೆ ಒಳಗಿನ ಗಾಳಿಯನ್ನು
ಸಿರಿಂಜಿನಲ್ಲಿ ಎಳೆದು ಶೀಶೆಗೆ ತುಂಬಿ
ಮೇಣದ ಪೆನ್ಸಿಲಿನಲ್ಲಿ ನಂಬರು ಬರೆಯುವುದು.
ಮಳೆಗೆ ನಂಬರು ಅಳಿಸುತ್ತದೆ. ಮತ್ತೆ ಬರೆಯುತ್ತೇನೆ.

ಏಡಿ ಹಿಡಿಯಲು ಬಂದ ಬೊಳ್ಚಿ
ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಕೇಳಿದಳು:
‘ಏನು ಹಿಡೀತಿದ್ದೀಯ, ಡಬ್ಬಿಯವ್ವ?’
‘ಗದ್ದೆಯ ಉಸಿರು.’
ಅವಳು ನಗಲಿಲ್ಲ. ಹೆಬ್ಬೆರಳನ್ನು ಕೆಸರಿಗೆ ಒತ್ತಿದಳು.
ಬುಳುಬುಳು ನಾಲ್ಕು ಗುಳ್ಳೆ ಎದ್ದು ಒಡೆದವು.
‘ಉಸಿರಲ್ಲ. ತೇಗು.
ಹೊಟ್ಟೆ ತುಂಬಿದ ಗದ್ದೆ ತೇಗ್ತದೆ ಅಂತಿದ್ದಳು ನಮ್ಮಜ್ಜಿ.’

ಅಜ್ಜಿಯ ಮಾತೇ ಸರಿ.
ಮೇಲಿನ ಬಾಣೆಯ ಹಲಸಿನೆಲೆ, ಬೈನೆಯ ಗರಿ
ಕಕ್ಕಡದ ನೀರಲ್ಲಿ ಜಾರಿ ಬಂದು ಇಲ್ಲಿ ಕೂರುತ್ತವೆ.
ಗಾಳಿ ಸುಳಿಯದ ಆ ಕತ್ತಲಲ್ಲಿ
ಕಣ್ಣಿಲ್ಲದ, ಬಾಯಿಲ್ಲದ, ಆದರೂ ಉಣ್ಣುವ ಸಂಸಾರ;
ಭೂಮಿಗೆ ಇನ್ನೂ ಹಸಿರು ಗೊತ್ತಿಲ್ಲದ ಕಾಲದ್ದು.
ನಮ್ಮ ಪ್ರಾಣವಾಯು ಅವಕ್ಕೆ ವಿಷ.
ಎಲೆಯನ್ನು ಒಬ್ಬರು ಮುರಿಯುತ್ತಾರೆ,
ಮುರಿದದ್ದನ್ನು ಇನ್ನೊಬ್ಬರು ಹುಳಿ ಮಾಡುತ್ತಾರೆ,
ಕೊನೆಯ ಪಂಕ್ತಿಯವರು ಉಂಡು ತೇಗಿದ್ದು ಮೀಥೇನ್.
ಪೈರಿನ ಟೊಳ್ಳು ಕಾಂಡವೇ ಅದಕ್ಕೆ ಹೊಗೆಗೂಡು.

ಹೊರಟದ್ದೆಲ್ಲ ಮೇಲೆ ಬರುವುದಿಲ್ಲ.
ಬೇರಿನ ಸುತ್ತ, ತುಕ್ಕು ಬಣ್ಣದ ತೆಳು ಪದರದಲ್ಲಿ
ಆ ತೇಗನ್ನೇ ತಿಂದು ಬದುಕುವ ಮತ್ತೊಂದು ಕುಲ ಕಾದಿರುತ್ತದೆ.
ಕೈಲ್ ಪೊಳ್ದ್‌ಗೆ ಕೋವಿಗೆ ಹೂ ಮುಡಿಸುತ್ತಾರೆ.
ಇವಕ್ಕೆ ಯಾರು ಮುಡಿಸಬೇಕು, ಎಲ್ಲಿಗೆ ಮುಡಿಸಬೇಕು?

ಕುಟ್ಟಯ್ಯನವರು ಜೀಪಿನಿಂದ ಇಳಿಯದೆಯೇ ಕೇಳಿದರು:
‘ನೀರು ಬಸಿದು ಶುಂಠಿ ಹಾಕಿದರೆ ನಿಮ್ಮ ಗ್ಯಾಸು ನಿಲ್ತದಲ್ಲ?’
ನಿಲ್ತದೆ, ಎಂದೆ. ಸುಳ್ಳಲ್ಲ.
ಉಳಿದ ನಿಜ ಸ್ವಲ್ಪ ಉದ್ದ:
ನೀರಿಳಿದ ಮಣ್ಣಿಗೆ ಗಾಳಿ ಹೊಕ್ಕರೆ
ಬೇರೆಯದೇ ಪಂಗಡ ಎದ್ದು ಬರುತ್ತದೆ,
ಎಷ್ಟೋ ತಲೆಮಾರಿನಿಂದ ಕಪ್ಪಾಗಿ ಕೂತ ಎಲೆಗಳ ಗಂಟು ಬಿಚ್ಚಿ
ಬೆಂಕಿಯಿಲ್ಲದೆ ಉರಿಸುತ್ತದೆ, ಸದ್ದಿಲ್ಲದೆ, ಅಷ್ಟನ್ನೂ
ಆಕಾಶಕ್ಕೆ
ಎನ್ನುವಷ್ಟರಲ್ಲಿ ಜೀಪು ತಿರುವು ದಾಟಿತ್ತು.

ಪೊನ್ನಂಪೇಟೆಯ ಲ್ಯಾಬಿನಲ್ಲಿ ರಾತ್ರಿ
ಹದಿನಾಲ್ಕನೆಯ ಶೀಶೆ ಲೆಕ್ಕ ತಪ್ಪಿತು.
ಮೀಥೇನ್ ಇಲ್ಲವೆನ್ನುವಷ್ಟು. ಇಂಗಾಲದ ಡೈ ಆಕ್ಸೈಡ್ ಮಾತ್ರ
ಬ್ರಹ್ಮಗಿರಿಯ ಹಾಗೆ ಪರದೆಯ ತುದಿಗೆ.
ನೋಟ್‌ಬುಕ್ ತೆಗೆದೆ: ಸಂಜೆ ಐದೂ ಹತ್ತು.
ಆಗ ಬೊಳ್ಚಿ ಡಬ್ಬಿಗೆ ಕಿವಿಯಿಟ್ಟು ಬಗ್ಗಿದ್ದಳು,
ಏನು ಕೇಳಿಸುತ್ತದೆಂದು ನಾನೂ ಬಗ್ಗಿದ್ದೆ.
ಸಿರಿಂಜಿನ ತುದಿ ಜಾರಿ ಹೊರಗಿತ್ತು;
ನಮ್ಮಿಬ್ಬರ ಮುಖದ ನಡುವಿನ ಗಾಳಿಯನ್ನೇ ಎಳೆದಿತ್ತು.

‘ಅದನ್ನು ತೆಗೆದುಹಾಕಿ’ ಎಂದರು ಸರ್, ಚಹಾ ಕುಡಿಯುತ್ತ.
ಕಾಲಂನಲ್ಲಿ ‘ದೋಷ’ ಎಂದು ಬರೆದೆ.

ಆದರೆ ಎಲೆ ತಿಂದದ್ದು ಏಡಿ,
ಏಡಿ ತಿಂದದ್ದು ಬೊಳ್ಚಿ, ಮೊನ್ನೆ ರಾತ್ರಿ,
ಕಾಂತಾರಿ ಮೆಣಸು ಅರೆದು, ನನಗೂ ಎರಡು ಕಾಲು ಕೊಟ್ಟು.
ಗದ್ದೆಯದಲ್ಲದ್ದು
ಏನಿತ್ತು ಆ ಶೀಶೆಯಲ್ಲಿ?

ತೊಳೆಯಲು ಕೈಗೆತ್ತಿಕೊಂಡೆ.
ಮಳೆಗೆ ನಂಬರು ಅರ್ಧ ಅಳಿಸಿತ್ತು.
ಪೆನ್ಸಿಲು ಹುಡುಕಿ ಮತ್ತೆ ಬರೆದೆ: ೧೪.