ಐದು ಮಿಲಿಮೀಟರ್ ನೀರು

ಬೆಳಗಿನ ಐದೂವರೆಗೆ
ಪಾಂಡವಪುರ ರಸ್ತೆಯ ಬಂಕಿನಲ್ಲಿ
ನಾನು ಮೊದಲು ಮಾತಾಡಿಸುವುದು ನೆಲದಡಿಯ ಕತ್ತಲನ್ನು.
ಬೀಗ ತೆಗೆದು, ಮುಚ್ಚಳ ತಿರುವಿ,
ಹಿತ್ತಾಳೆಯ ಕೋಲನ್ನು ಅವಸರವಿಲ್ಲದೆ ಇಳಿಸುತ್ತೇನೆ.
ತಳ ಮುಟ್ಟಿದಾಗ
ಕೈಗೆ ಮಾತ್ರ ಕೇಳುವ ಒಂದು ಟಕ್.

ಕಲಿಸಿದ್ದು ಬೋರಲಿಂಗಯ್ಯ.
"ಎತ್ತಿ ಹಾಕ್ಬ್ಯಾಡ ಕಣವ್ವ, ಕೋಲು ಎಗರಿದ್ರೆ ಲೆಕ್ಕ ಸುಳ್ಳಾಡ್ತದೆ.
ಕೂಸಿನ ನೆತ್ತಿ ಮುಟ್ಟಿದಂಗೆ ಮುಟ್ಟು."
ಮೂವತ್ತೊಂದು ವರ್ಷ ಕೋಲು ಇಳಿಸಿದವನಿಗೆ
ಸೆಂಟಿಮೀಟರಿಗೆ ಎಷ್ಟು ಲೀಟರ್ ಅನ್ನುವ ಪಟ್ಟಿ ಬಾಯಿಪಾಠ.
ಸುಲಭದ ಮಗ್ಗಿಯಲ್ಲ ಅದು:
ತೊಟ್ಟಿ ಮಲಗಿದೆಯಲ್ಲ, ಬಸುರಿಯ ಹಾಗೆ,
ಹೊಟ್ಟೆಯ ಬಳಿ ಒಂದು ಗೆರೆಗೆ ಹೆಚ್ಚು,
ತಳದಲ್ಲಿ ಅದೇ ಗೆರೆಗೆ ಕಡಿಮೆ.

ಟ್ಯಾಂಕರ್ ಬರುವುದು ಇಳಿಹೊತ್ತಿಗೆ.
ಇನಾಯತ್ ಎಂಜಿನ್ ಆರಿಸಿ, ಗಾಲಿಗೆ ಅಡ್ಡಗಟ್ಟೆ ಕೊಟ್ಟು,
ಅರ್ಥಿಂಗಿನ ತಂತಿ ಕಚ್ಚಿಸಿ, ನೆರಳಿಗೆ ಕೂರುತ್ತಾನೆ.
ಕಡಲ ಕಡೆಯ ರಿಫೈನರಿಯಲ್ಲಿ ಬೆಂದು
ಕೊಳವೆಯೊಳಗೇ ಘಟ್ಟ ಹತ್ತಿ
ಡಿಪೋದಲ್ಲಿ ತಂಗಿ, ಇವನ ಬೆನ್ನ ಹಿಂದೆ ಕುಲುಕಾಡಿ ಬಂದದ್ದು
ಸುಮ್ಮನಾಗಲು ಹತ್ತು ನಿಮಿಷ ಬೇಕು.
"ನನಗೂ ಬೇಕು" ಅನ್ನುತ್ತಾನೆ,
ಬೀಡಿ ಹಚ್ಚುವಂತಿಲ್ಲದ ಬಾಯಿಗೆ ಲವಂಗ ಹಾಕಿಕೊಂಡು.

ಸೀಲಿನ ನಂಬರು ಓದುತ್ತೇನೆ.
ಜಾಡಿಯಲ್ಲಿ ತೇಲುವ ಗಾಜಿನ ಬುರುಡೆಗೆ
ಕಣ್ಣು ಸಮವಾಗುವಷ್ಟು ಬಗ್ಗಿ ಸಾಂದ್ರತೆ ಬರೆಯುತ್ತೇನೆ.
ಬಿಸಿಲಿಗೆ ಉಬ್ಬುವ ಸರಕು;
ಎಲ್ಲವನ್ನೂ ಹದಿನೈದು ಡಿಗ್ರಿಗೆ ಹೊಂದಿಸಿ ಬರೆಯಬೇಕಂತೆ.
ಮಂಡ್ಯ ಸೀಮೆಯಲ್ಲಿ ನಾವು ಹದಿನೈದು ಕಂಡದ್ದೇ
ಧನುರ್ಮಾಸದ ಒಂದೆರಡು ಬೆಳಗು.

ಅದು ನಾಲೆಗೆ ನೀರು ಬಿಟ್ಟ ಮೂರನೆಯ ದಿನ.
ಊರೆಲ್ಲ ತೂಬಿನ ಹತ್ತಿರ.
ನಮ್ಮ ಹುಡುಗ ಸಿದ್ದೇಶನೂ ಪ್ಯಾಂಟು ಮಡಚಿ ಹೋಗಿಬಂದು
ಒದ್ದೆ ಕಾಲಲ್ಲೇ ಪಂಪಿನ ಮುಂದೆ ನಿಂತಿದ್ದ.
ನಾನು ರೂಢಿಯಂತೆ ಕೋಲಿನ ತುದಿಗೆ ಪೇಸ್ಟು ಸವರಿ
ಇಳಿಸಿದೆ, ಎತ್ತಿದೆ.

ತುದಿ ಕೆಂಪಗಿತ್ತು.
ಐದು ಮಿಲಿಮೀಟರ್.
ಒರೆಸಿ, ಮತ್ತೆ ಸವರಿ, ಮತ್ತೆ ಇಳಿಸಿದೆ.
ಐದೇ.

ನಾಲೆ ಬಂದರೆ ನೆಲ ಎದ್ದು ಕೂರ್ತದೆ ಎಂದು ಬೋರಲಿಂಗಯ್ಯ ಹೇಳಿದ್ದ.
ಗದ್ದೆಯಡಿ ಜಿನುಗುತ್ತ ಬಂದ ನೀರು
ತುಕ್ಕಿನಲ್ಲಿ ಯಾವುದೋ ಸೂಜಿಗಣ್ಣು ಹುಡುಕಿತ್ತು.
ಅವನ ಕಾಲದಲ್ಲಾದರೆ
ನೀರು ಕೆಳಗೆ, ಪೆಟ್ರೋಲು ಮೇಲೆ,
ಮಾತು ಬಿಟ್ಟ ಬೀಗರ ಹಾಗೆ ಬೇರೆ ಬೇರೆ ಕೂರುತ್ತಿದ್ದವು;
ಕೈಪಂಪಿನಲ್ಲಿ ನೀರೆಳೆದರೆ ಮುಗಿಯುತ್ತಿತ್ತು.
ಈಗ ಪೆಟ್ರೋಲಿನೊಳಗೆ ಎಥನಾಲ್ ಇದೆ,
ಕಬ್ಬಿನಿಂದ ಇಳಿಸಿದ್ದು.
ಯಾರ ಗದ್ದೆಯ ಕಬ್ಬೋ ಬಲ್ಲವರಾರು,
ಇದೇ ನಾಲೆ ಕುಡಿದು ನಿಂತದ್ದೂ ಇರಬಹುದು.
ಅರೆದು, ಹುಳಿಸಿ, ಕಾಯಿಸಿ,
ಕೊನೆಯ ತೇವದವರೆಗೂ ನೀರು ಕಳೆದು
ಪರದೇಶದ ಎಣ್ಣೆಯ ಜೊತೆ ಕೂಡಿಸಿ ಕಳಿಸಿದ್ದರು.
ಆದರೂ ಅಲ್ಲಿ, ಹತ್ತಡಿ ಕೆಳಗೆ, ಕತ್ತಲಲ್ಲಿ,
ಕಬ್ಬು ತನ್ನ ನೀರನ್ನು ಗುರುತು ಹಿಡಿಯಿತು.
ಪೆಟ್ರೋಲಿನ ಕೈ ಬಿಟ್ಟು
ತಳಕ್ಕೆ ಇಳಿದು ಹೋಯಿತು.

ಇದನ್ನು ಬರೆಯಲು ರಿಜಿಸ್ಟರಿನಲ್ಲಿ ಕಲಂ ಇಲ್ಲ.
ಬರೆದೆ: ಎರಡನೇ ಟ್ಯಾಂಕ್, ನೀರು, ಮಾರಾಟ ನಿಲ್ಲಿಸಿದೆ.

ಮಾಲೀಕಳು ಜಯಶೀಲಮ್ಮ ಫೋನಿನಲ್ಲಿ:
"ಸಂತೆ ದಿನ ಕಣೇ. ಮಧ್ಯಾಹ್ನದವರೆಗೆ ನೋಡೋಣ."
ಆಗಲ್ಲ ಮೇಡಂ, ಅಂದೆ.
ಅಷ್ಟು ಹೊತ್ತು ಆ ಕಡೆ ಬರೀ ಫ್ಯಾನಿನ ಸದ್ದು.
"ಸರಿ, ಕಟ್ಟು."
ನಾಝಲ್ಲಿಗೆ ಗೋಣಿಚೀಲ ಕಟ್ಟಿದೆವು.
ಒಂದೇ ಬೈಕಿನಲ್ಲಿ ಬಂದ ಮೂವರು
ನನ್ನ ವಂಶವನ್ನೆಲ್ಲ ವಿಚಾರಿಸಿ ಮುಂದೆ ಹೋದರು.

ಆಮೇಲೆ ಮೊಪೆಡ್ ತಳ್ಳಿಕೊಂಡು ಒಬ್ಬ ಅಜ್ಜಿ,
ಹಿಂದೆ ಪೈರಿನ ಕಟ್ಟು, ಸೀರೆಯ ಅಂಚಿನವರೆಗೂ ಕೆಸರು.
"ಯಾಕವ್ವಾ, ಇಲ್ವಾ?"
ನೀರು ಬಂದಿದೆ ಅಜ್ಜಿ, ಅಂದೆ.
ಹಲ್ಲಿಲ್ಲದ ಬಾಯಿ ಅಗಲವಾಯಿತು:
"ಬಂತು ಕಣವ್ವಾ! ಬಂತು!"

ಕೆಂಪು ತುದಿಯ ಕೋಲು
ಇನ್ನೂ ನನ್ನ ಕೈಯಲ್ಲೇ ಇತ್ತು.