ಗೊಂಬೊರಿ ಘಾಟಿಯ ಲೆಕ್ಕ

ಅವ್ತೊ ಹೋದ ಮೇಲೆ ನನಗುಳಿದದ್ದು
ಒಂದು ಹಳೇ ಓಪೆಲ್, ಕನ್ನಡಿಗೆ ಜೋತುಬಿದ್ದ ಮೂವರು ಸಂತರು,
ಪೆಟ್ರೋಲಿನ ಲೆಕ್ಕ ಬರೆದಿಟ್ಟ ಒಂದು ಜಿಡ್ಡು ನೋಟುಬುಕ್ಕು.
ಐವತ್ತಾರಕ್ಕೆ ಲೈಸೆನ್ಸು ತೆಗೆದೆ. ನಗುವವರು ನಕ್ಕರು.
ತೆಲಾವಿಯಿಂದ ತಿಬಿಲಿಸಿ, ಘಾಟಿ ಹತ್ತಿ ಇಳಿದು,
ನಾಲ್ಕು ಸೀಟು, ಡಿಕ್ಕಿಯಲ್ಲಿ ಯಾರದೋ ಚೀಸು, ಯಾರದೋ ವೈನು.

ಅವನ ಡ್ರೈವಿಂಗು ಊರಿಗೇ ಗೊತ್ತಿತ್ತು.
ಮುಂದೊಂದು ಲಾರಿ ಕಂಡರೆ ಮೈಮೇಲೆ ಬಂದಂತೆ;
ಒತ್ತಿದರೆ ಪೆಡಲು ತಳ ಮುಟ್ಟಬೇಕು, ಹಿಡಿದರೆ
ಹಿಂದಿನ ಸೀಟಿನವರ ಹಣೆ ಮುಂದಿನ ಸೀಟಿಗೆ.
ತಿರುವಿಗೊಮ್ಮೆ ಹೆಂಗಸರು ಶಿಲುಬೆ ಬರೆದುಕೊಳ್ಳುತ್ತಿದ್ದರು.
ಇಷ್ಟೆಲ್ಲ ಮಾಡಿ ಇಸಾನಿ ಸ್ಟ್ಯಾಂಡಿಗೆ
ಉಳಿದವರಿಗಿಂತ ಆರು ನಿಮಿಷ ಮೊದಲು.
ಆ ಆರು ನಿಮಿಷ ಅಲ್ಲೇ ನಿಂತು ಸಿಗರೇಟು ಸೇದುತ್ತಿದ್ದ.
ಎಂಜಿನ್ನೂ ಪಕ್ಕದಲ್ಲಿ ಸೇದುತ್ತ ನಿಂತಿರುತ್ತಿತ್ತು.

ಬೈಯಲಾರೆ.
ಕರೆಂಟಿಲ್ಲದ ಆ ವರ್ಷಗಳಲ್ಲಿ ಪೆಟ್ರೋಲನ್ನು
ರಸ್ತೆಬದಿಗೆ ಗಾಜಿನ ಭರಣಿಯಲ್ಲಿಟ್ಟು ಮಾರುತ್ತಿದ್ದರು,
ಸೌತೆಕಾಯಿ ಉಪ್ಪು ಹಾಕುವ ಮೂರು ಲೀಟರಿನ ಭರಣಿ.
ಆಗ ಅವನೇ, ಇದೇ ಅವ್ತೊ,
ಇಳಿಜಾರಿನಲ್ಲಿ ಎಂಜಿನ್ ಆರಿಸಿ ಉಸಿರು ಬಿಗಿಹಿಡಿದು
ಕಾರನ್ನು ಜಾರಬಿಡುತ್ತಿದ್ದ, ಹನಿ ಉಳಿಸಲು.
ಒಮ್ಮೆ ಬ್ರೇಕು ಕಲ್ಲಾಯಿತು. ಒಂದು ಅಕ್ರೋಟು ಮರ
ನಮ್ಮನ್ನು ತಡೆದು ತಾನು ಸಿಪ್ಪೆ ಕಳೆದುಕೊಂಡಿತು.
ಭರಣಿ ಹೋಗಿ ಬಂಕು ಬಂದ ದಿನದಿಂದ
ಮಿತವೆಂದರೆ ಬಡತನ ಅಂದುಕೊಂಡುಬಿಟ್ಟ.

ಮೆಕ್ಯಾನಿಕ್ ಗೆನೋ ಹೇಳಿಕೊಟ್ಟದ್ದು ಬೇರೆ:
"ಇಳಿಯುವಾಗ ಗೇರಿನಲ್ಲೇ ಇರಲಿ, ಮಾಖ್ವಾಲಾ, ಕಾಲು ತೆಗೆ.
ಎಂಜಿನ್ ಒಂದು ಹನಿಯೂ ಕುಡಿಯದು, ಚಕ್ರವೇ ಅದನ್ನು ತಿರುಗಿಸುತ್ತೆ."
ಹಾಗಾದರೆ ಇಷ್ಟು ವರ್ಷ ಈ ಬೆಟ್ಟ
ಪುಕ್ಕಟೆ ದುಡಿಯಲು ಕಾದು ಕೂತಿತ್ತು!
ಅಂದಿನಿಂದ ನಾನು ಮೂಗಿನ ತುದಿ ಬಿಟ್ಟು ದೂರ ನೋಡುತ್ತೇನೆ:
ಕೆಂಪು ದೀಪ ಕಂಡಲ್ಲಿಂದಲೇ ಕಾಲು ಎತ್ತುತ್ತೇನೆ,
ತಲುಪುವ ಹೊತ್ತಿಗೆ ಅದು ಎಷ್ಟೋ ಸಲ ಹಸಿರು.
ಹಿಂದೆ ಹಾರ್ನು. ಹೊಡೆಯಲಿ.

ಅಕ್ಟೋಬರಿನಲ್ಲಿ ತುಶೇತಿಯ ಕುರಿಗಳು ಇಳಿದುಬರುತ್ತವೆ,
ರಸ್ತೆಯೇ ಉಣ್ಣೆಯಾಗಿ ಹರಿಯುತ್ತದೆ. ಕೀಲಿ ತಿರುಗಿಸುತ್ತೇನೆ.
"ಕೆಟ್ಟಿತೇ?" ಅಂತಾಳೆ ನರ್ಸ್ ಲಾಮಾರಾ ಬೆಚ್ಚಿ.
ಇಲ್ಲಮ್ಮ, ಕುರಿಗಳು ಹೋಗಲಿ.
ಎಂಜಿನ್ ಸುಮ್ಮನಾದರೆ ಗೊರಸುಗಳೂ ಎಷ್ಟು ಮಾತಾಡುತ್ತವೆ!

ಒಂದನ್ನು ಮಾತ್ರ ಮುಟ್ಟಿರಲಿಲ್ಲ, ತಲೆಯ ಮೇಲಿನ ಕ್ಯಾರಿಯರ್.
ಗಾಳಿಯನ್ನು ಹೊತ್ತು ತಿರುಗಿ ಏನು ಸಿಕ್ಕೀತು,
ನೂರು ಕಿಲೋಮೀಟರಿಗೆ ಅರ್ಧ ಲೀಟರು ತಿನ್ನುತ್ತೆ, ಎಂದ ಗೆನೋ.
ಗೊತ್ತು. ಆದರೆ ಕಡೆಯ ಸುಗ್ಗಿಯಲ್ಲಿ ದ್ರಾಕ್ಷಿಯ ಕ್ರೇಟು ಬಿಗಿದ ಹಗ್ಗ
ಅಲ್ಲೇ ಇತ್ತು. ಗಂಟು ಅವನದು.
ಮೂರು ಸುಗ್ಗಿ ಹೋದವು.

ಜನವರಿಯ ಒಂದು ಬೆಳಿಗ್ಗೆ ಶಾಲೆಯ ಗೇಟಿನೆದುರು
ಹೀಟರಿಗೆಂದು ಎಂಜಿನ್ ಬಿಟ್ಟ ಹತ್ತು ಹದಿನೈದು ಕಾರು.
ಅವುಗಳ ನಡುವೆ ನಮ್ಮ ಬಾಚೋ, ಆರು ವರ್ಷ,
ಶೂ ಲೇಸು ಕಟ್ಟಲು ಬಗ್ಗಿದ. ಸರಿಯಾಗಿ ಹೊಗೆಕೊಳವೆಯ ಎತ್ತರಕ್ಕೆ
ಅವನ ಮೂಗು.

ಸಂಜೆ ಸ್ಪ್ಯಾನರು ಹಿಡಿದು ಹೊರಗೆ ಹೋದೆ.
ನಟ್ಟುಗಳು ಸಲೀಸು ಬಂದವು. ಗಂಟೇ ಬರಲಿಲ್ಲ,
ಕೊಯ್ಯಲು ಮನಸ್ಸಾಗದೆ ಹಲ್ಲಿನಿಂದ ಬಿಡಿಸಿದೆ.

ಮರುದಿನ ಘಾಟಿಯಾಚೆ ಎಂಬತ್ತರಲ್ಲಿ ಏನೋ ಕಮ್ಮಿ ಅನಿಸಿತು.
ಸಿಳ್ಳು. ಕಾರಿನ ಸ್ವಂತ ದನಿಯೆಂದುಕೊಂಡಿದ್ದೆ,
ಅದು ಕ್ಯಾರಿಯರಿನದು. ಅವನಿಗೂ ಗೊತ್ತಿರಲಿಲ್ಲ,
ಇಷ್ಟು ವರ್ಷ ಅದರ ಮೇಲೆ ಗಂಟಲೆತ್ತಿ ಮಾತಾಡಿದ.

ನೋಟುಬುಕ್ಕಿನಲ್ಲಿ ಅವನ ಒಂಬತ್ತೂವರೆಯ ಕೆಳಗೆ
ಏಳು ಅಂತ ಬರೆದೆ, ಗೆದ್ದಂತೆ ಕಾಣದಿರಲೆಂದು ಚಿಕ್ಕದಾಗಿ.
ಹಿಂದಿನ ಸೀಟಿನಲ್ಲಿ ಈಗ ಯಾರೂ ಶಿಲುಬೆ ಬರೆದುಕೊಳ್ಳುವುದಿಲ್ಲ,
ಬಾಯಿ ತೆರೆದು ನಿದ್ದೆ ಹೋಗುತ್ತಾರೆ.
ಇಸಾನಿಗೆ ಆರು ನಿಮಿಷ ತಡ.
ಎಬ್ಬಿಸಿದರೆ, ಇಷ್ಟು ಬೇಗ ಬಂತೇ, ಅನ್ನುತ್ತಾರೆ.