ಬಿಚ್ಚಲಾಗದ ಚಪ್ಪರ

ಬೇಲಿಯಲ್ಲೊಂದು ತೂತಿದೆ, ಕಂಟಿ ಸರಿಸಿದರೆ ಕಾಣುತ್ತದೆ.
ಅರ್ಗಿರೋ ಚಿಕ್ಕಮ್ಮ ಮೊದಲು ಚೀಲ ತೂರಿಸುತ್ತಾಳೆ,
ಆಮೇಲೆ ತಲೆ, ಆಮೇಲೆ ನೋಯುವ ಮೊಣಕಾಲು,
ಕೊನೆಗೆ ಒಳಗಿನಿಂದ ಕೂಗು: 'ಬಾರೋ, ಸರ್ಕಾರ.'

ಸರ್ಕಾರ ಅಂದರೆ ನಾನು.
ಮೂರನೇ ಮಹಡಿಯ ಕಚೇರಿಯಲ್ಲಿ ಕೂತು
ಈ ಬಯಲಿನ ಬಿಲ್ಲಿಗೆ ತಿಂಗಳು ತಿಂಗಳು ಮೊಹರು ಒತ್ತುವವನು:
ವಿಮೆ, ಕಾವಲು, ಉರಿಯದ ದೀಪಗಳ ನಿಗದಿತ ಶುಲ್ಕ.
ಒತ್ತಿ ಒತ್ತಿ ಮೊಹರಿನ ಅಂಚು ಸವೆದಿದೆ.
ಕಾವಲುಗಾರನನ್ನು ಮಾತ್ರ
ಇವತ್ತಿನವರೆಗೆ ಕಂಡವನಲ್ಲ.

ಇದು ಸಾಫ್ಟ್‌ಬಾಲ್ ಅಂಗಳ.
ಅಥೆನ್ಸಿನ ದಕ್ಷಿಣಕ್ಕೆ, ಸಮುದ್ರದ ಗಾಳಿ ಬಡಿಯುವ ನಮ್ಮ ಬಡಾವಣೆಯಲ್ಲಿ
ಆ ಆಟ ತಿಳಿದವರು ಅಂದೂ ಇರಲಿಲ್ಲ, ಇಂದೂ ಇಲ್ಲ.
ಬ್ಯಾಟು ಬೀಸಿದವಳು ಯಾಕೆ ಓಡುತ್ತಾಳೆ,
ಅಷ್ಟು ಓಡಿ ಹೊರಟಲ್ಲಿಗೇ ಯಾಕೆ ಬರುತ್ತಾಳೆ,
ಸರಾಂದೋಸ್ ಚಿಕ್ಕಪ್ಪನಿಗೆ ಕೊನೆತನಕ ಅರ್ಥವಾಗಲಿಲ್ಲ.
ರಾತ್ರಿ ಪಾಳಿಯಲ್ಲಿ ಈ ಮೆಟ್ಟಿಲುಗಳಿಗೆ
ಕಾಂಕ್ರೀಟು ಸುರಿದವನು ಅವನು.
ಆಮೇಲೆ ಅವನ ಪಿಂಚಣಿಯನ್ನು ಮೂರು ಸಲ ಕತ್ತರಿಸಿದರು,
ಮೂರನೆಯದಕ್ಕೆ ಅವನಿರಲಿಲ್ಲ, ಕಾಗದ ಬಂತು.

ದೇಶ ಮುಳುಗಿದ್ದು ಇದೊಂದರಿಂದಲೇ ಅಲ್ಲ, ಬಲ್ಲೆ.
ಆ ಸಾಲದ ಬೆಟ್ಟದಲ್ಲಿ ಇದು ಒಂದು ಕಲ್ಲು.
ಬೈಯಲು ಹೊರಟರೆ ಅಂಕಿಗಳು ಕೈ ಹಿಡಿದು ಜಗ್ಗುತ್ತವೆ,
ಗುಮಾಸ್ತನಿಗೆ ಸಿಟ್ಟೂ ಪೂರ್ತಿ ಸಲ್ಲುವುದಿಲ್ಲ.
ಆದರೂ ಅನಿಸುತ್ತದೆ:
ಮದುವೆ ಮುಗಿದ ಮೇಲೆ ಚಪ್ಪರ ಬಿಚ್ಚುತ್ತಾರೆ,
ಗಳ, ಹಗ್ಗ ಒಡೆಯರಿಗೆ ಹಿಂತಿರುಗುತ್ತವೆ.
ಹದಿನೈದು ದಿನದ ನೆಂಟರಿಗೆ
ನಾವು ಸಿಮೆಂಟಿನಲ್ಲಿ ಚಪ್ಪರ ಹಾಕಿದೆವು.

ಫೆಬ್ರವರಿ. ಸೊಪ್ಪಿನ ಕಾಲ.
ಎರಡನೇ ಬೇಸಿನಿಂದ ಮೂರನೆಯದರವರೆಗೆ
ರಾದೀಕಿ ಸೊಪ್ಪು ಕಹಿಯಾಗಿ, ಎಳೆಯದಾಗಿ ಹಬ್ಬಿದೆ.
ಹಡಗಿನಲ್ಲಿ ತರಿಸಿದ ಮಣ್ಣಂತೆ, ಯಾರೋ ಹೇಳಿದ್ದು.
ಚಿಕ್ಕಮ್ಮ ಬೇರಿನ ಹತ್ತಿರ ಚಾಕು ಇಳಿಸುತ್ತಾಳೆ,
ಕೊಡವುತ್ತಾಳೆ, ಕಟ್ಟುತ್ತಾಳೆ.
ನಾನು ಮನಸ್ಸಿನಲ್ಲೇ ಭಾಗಿಸುತ್ತೇನೆ,
ಒಟ್ಟು ಖರ್ಚು, ಹತ್ತು ಚಳಿಗಾಲದ ಕಟ್ಟುಗಳು.
ಒಂದು ಕಟ್ಟಿಗೆ ಬಿದ್ದ ಬೆಲೆಯಲ್ಲಿ
ಶಾಲೆಯೊಂದಕ್ಕೆ ಚಳಿಗಾಲವಿಡೀ ಬೆಚ್ಚಗಿರಬಹುದಿತ್ತು.

'ಬೇಕಿತ್ತಾ ಇದೆಲ್ಲ?' ಅಂದೆ.

ಅವಳು ನೀಲಿ ಕುರ್ಚಿಯೊಂದರ ಮೇಲಿನ ಹಕ್ಕಿಹಿಕ್ಕೆ ಕೆರೆದು ಕೂತಳು.
ಮೈಮೇಲೆ ಅದೇ ಸ್ವಯಂಸೇವಕರ ಅಂಗಿ,
ಒಗೆದೊಗೆದು ಎದೆಯ ಉಂಗುರಗಳು ಮಾಸಿವೆ,
ಸೊಪ್ಪಿಗೆ ಬರುವಾಗ ಮಾತ್ರ ತೊಡುವುದು.
'ಐವತ್ತೆರಡು ವರ್ಷ ನನ್ನನ್ನು ಯಾರೂ ದಾರಿ ಕೇಳಿರಲಿಲ್ಲ ಕಣೋ.
ಹೆಂಗಸನ್ನು ಯಾರು ಕೇಳುತ್ತಾರೆ, ಪಕ್ಕದ ಗಂಡಸನ್ನು ಕೇಳುತ್ತಾರೆ.
ಆ ಆಗಸ್ಟಿನಲ್ಲಿ ಗೇಟಿನ ಬಳಿ ನಿಂತಿದ್ದೆ.
ಜಪಾನಿನವರು ಕೇಳಿದರು, ಕ್ಯೂಬಾದವರು ಕೇಳಿದರು,
ಭಾಷೆಯಿಲ್ಲ, ಬರೀ ಕೈ. ನಾನು ತೋರಿಸಿದ ಕಡೆ
ಇಡೀ ಭೂಮಿ ನಡೆದು ಹೋಯಿತು.'

ನನ್ನ ಪುಸ್ತಕದಲ್ಲಿ ಇದಕ್ಕೆ ಕಾಲಮ್ಮಿಲ್ಲ.
ಸುಮ್ಮನಾದೆ. ಕಣ್ಣೂ ಸ್ವಲ್ಪ ತೇವವಾಗಿರಬೇಕು,
ಅವಳಿಗೆ ಅದು ಹಿಡಿಸಲಿಲ್ಲ:
'ಅಳಬೇಡ. ದಾರಿ ಹೇಳಲು ಇಷ್ಟು ಸಿಮೆಂಟು ಬೇಕಿರಲಿಲ್ಲ.
ಒಂದು ಬಸ್ ಸ್ಟಾಪು ಸಾಕಿತ್ತು.
ಈಗ ಆ ಬಸ್ಸೂ ನಿಂತಿದೆ.'

ಹೊರಡುವ ಹೊತ್ತಿಗೆ ಕಂಟಿ ಅಲುಗಿತು.
ಸಮವಸ್ತ್ರದ ಎಳೆಯ ಹುಡುಗ, ಮೊಳಕಾಲಿಗೆ ಮುಳ್ಳು,
ಕೈಯಲ್ಲಿ ನನ್ನ ಮೊಹರಿದ್ದ ಕಾಗದ.
ಬಿಲ್ಲಿನೊಳಗಿದ್ದ ಮನುಷ್ಯ, ಕೊನೆಗೂ.
ಕೆಲಸದ ಮೊದಲ ದಿನವಂತೆ.
ನಮ್ಮನ್ನು ಗದರಿಸಬೇಕಾದವನು, ನಾಚಿ,
ನನ್ನನ್ನು ದಾಟಿ ಅವಳ ಅಂಗಿ ನೋಡಿ ಕೇಳಿದ:
'ಅಮ್ಮಾ, ಗೇಟು ಯಾವ ಕಡೆ?'

ಅವಳು ಚೀಲ ಕೆಳಗಿಟ್ಟಳು.
ಬೆನ್ನು ನೆಟ್ಟಗೆ ಮಾಡಿದಳು.